ಬಾಡಿಗೆ ಹಡಗು, ಸ್ವಂತ ಹಡಗು

ರಾಯಚೂರಿನಲ್ಲಿ ಹುಟ್ಟಿ, ಸಮುದ್ರದ ತಳದ ಕೆಸರು ಪರೀಕ್ಷಿಸುವ ಸರ್ಕಾರಿ ನೌಕರಿ ಹಿಡಿದವಳಿಗೆ ಊರಿನ ರಜೆ ಎಂದರೆ ಗಾಬರಿಯೇ. ಬಂದಾಗಲೆಲ್ಲ ಏನಾದರೊಂದು ಆಗುತ್ತದೆ. ಈ ಸಲದ್ದಂತೂ ಇನ್ನೂ ಅರಗಿಲ್ಲ.

ನಮ್ಮ ಸಂಶೋಧನಾ ಹಡಗಿಗೆ ವಯಸ್ಸಾಗಿದೆ. ಹೊಸದನ್ನು ಕಟ್ಟಿಸಬೇಕೋ, ಬೇರೆಯವರದನ್ನು ಬಾಡಿಗೆಗೆ ಹಿಡಿಯಬೇಕೋ ಎಂದು ಕಚೇರಿಯಲ್ಲಿ ಎಲ್ಲರ ಅಭಿಪ್ರಾಯ ಕೇಳಿದ್ದರು. ಬಾಡಿಗೆಯದಾದರೆ ಮಳೆಗಾಲ ಮುಗಿಯುತ್ತಲೇ ನಾನು ಸಮುದ್ರದಲ್ಲಿ. ಹೊಸದಾದರೆ ಅದು ತಯಾರಾಗುವವರೆಗೆ ವರ್ಷಗಟ್ಟಲೆ ದಡದಲ್ಲಿ. ನನಗೆ ಹೋಗುವ ಆಸೆ. ಅವ್ವನಿಗೆ ಮಾತ್ರ ಹೊಸದೇ ಬೇಕು. ಹಡಗು ಕಟ್ಟುವಷ್ಟರಲ್ಲಿ ಮಗಳ ಮದುವೆ ಮುಗಿಸಬಹುದಲ್ಲ.

ದೇವದುರ್ಗದ ಮಾವ

ದೇವದುರ್ಗದ ಸೋದರಮಾವನದು ಭತ್ತದ ಹೊಲ. ಸುಗ್ಗಿ ಬಂತೆಂದರೆ ಕೊಯ್ಯುವ ಮಷಿನ್ ಬಾಡಿಗೆಗೆ ತರಿಸುತ್ತಾನೆ. ಬಾಡಿಗೆಯೇ ಲೇಸು, ಕೆಟ್ಟರೆ ಮಾಲೀಕನ ತಲೆನೋವು ಎಂದ. ನನ್ನ ಪರ ಒಬ್ಬರಾದರೂ ಸಿಕ್ಕರಲ್ಲ ಎಂದು ಖುಷಿಪಟ್ಟೆ. ಅಷ್ಟರಲ್ಲಿ ಮಾವ ಮಷಿನ್ ಏಜೆಂಟನಿಗೆ ಫೋನ್ ಹಚ್ಚಿ, ಹಡಗು ಸಿಗುತ್ತದೇನು ಎಂದು ಕೇಳಿಯೇಬಿಟ್ಟ. ಏಜೆಂಟ ಇಲ್ಲ ಅನ್ನಲಿಲ್ಲ. ಮಾವ ಫೋನಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದ.

“ಸಮುದ್ರ ಎಷ್ಟು ಎಕರೆ ಅದ ಅಂತ ಕೇಳಾಕತ್ಯಾನ.”

ಮಾನ್ವಿಯ ದೊಡ್ಡವ್ವ

ಮಾನ್ವಿಯ ದೊಡ್ಡವ್ವ ಬಾಡಿಗೆ ಎಂಬ ಮಾತಿಗೇ ಸಿಡಿದೆದ್ದಳು. ಮಗನ ಮದುವೆಗೆ ಬಾಡಿಗೆ ಪಾತ್ರೆ ತಂದಿದ್ದಳಂತೆ. ಬೀಗರು ತಾಟು ತಿರುಗಿಸಿ, ಅದರ ಮೇಲೆ ಕೊರೆದಿದ್ದ ಯಾರದೋ ಹೆಸರನ್ನು ಪಂಗತಿಯಲ್ಲೇ ಗಟ್ಟಿಯಾಗಿ ಓದಿದರಂತೆ. ಆ ಅವಮಾನ ಇನ್ನೂ ಹಸಿ. ಹೊಸ ಹಡಗನ್ನೇ ಕೊಂಡು, ಮೊದಲು ಅಜ್ಜಿಯ ಹೆಸರು ಕೊರೆಸಬೇಕೆಂದು ಅಪ್ಪಣೆ ಮಾಡಿದಳು. ಅದು ಸರ್ಕಾರದ ಹಡಗು, ಅಜ್ಜಿಯದೇಕೆ ಎಂದೆ. ದೊಡ್ಡವ್ವ ನನ್ನನ್ನು ಕನಿಕರದಿಂದ ನೋಡಿದಳು.

“ಅಷ್ಟು ನೀರಾಗ ಮತ್ತೊಬ್ಬರದರ ಜೊತಿ ಅದಲಿಬದಲಿ ಆದ್ರ ಹೆಂಗ ಗುರ್ತು ಹಿಡೀತಿ?”

ರಾಯಚೂರಿನ ಬೀಗರು

ರಜೆ ಮುಗಿಯುವ ಮುನ್ನ ನನ್ನನ್ನು ನೋಡಲು ಗಂಡಿನವರು ಬಂದರು. ಗಂಡಿನ ತಂದೆಗೆ ರೈಸ್ ಮಿಲ್ ಇದೆ. ಅವರ ಹೆಂಡತಿ ತಲೆ ತಗ್ಗಿಸಿ ಮಂಡಕ್ಕಿಯ ಮಂಡಾಳ ಒಗ್ಗರಣೆ ತಿನ್ನುತ್ತಿದ್ದರು. ಸಮುದ್ರದ ಸುದ್ದಿ ಎತ್ತಕೂಡದೆಂದು ಅವ್ವ ಮೊದಲೇ ತಾಕೀತು ಮಾಡಿದ್ದಳು. ಮಿಲ್ಲಿನವರೇ ಎತ್ತಿದರು. ಹೊಸ ಹಡಗು ಕಟ್ಟಿಸುತ್ತಾರೆ, ಅಲ್ಲಿಯವರೆಗೆ ಹುಡುಗಿ ಮನೆಯಲ್ಲೇ ಎಂದು ಅವ್ವ ಘೋಷಿಸಿದಳು. ಮಿಲ್ಲಿನವರು ಸಂತೋಷದಿಂದ ಇನ್ನೊಂದು ಮಿರ್ಚಿ ಬಜ್ಜಿ ಎತ್ತಿಕೊಂಡರು. ನನಗೆ ಅಳು ಬರುವಂತಾಯಿತು.

ಆಗ ಮಿಲ್ಲಿನವರ ಹೆಂಡತಿ ತಲೆ ಎತ್ತಿದರು. ಬಾಡಿಗೆಯದಾದರೆ ಎಷ್ಟು ದಿನ ನೀರಿನಲ್ಲಿರುತ್ತೀರಿ ಎಂದು ಕೇಳಿದರು. ಅವ್ವ ನನ್ನ ಸೆರಗು ಜಗ್ಗಿದಳು. ತಿಂಗಳ ಮೇಲಾಗಬಹುದು ಎಂದೆ.

“ಅಲ್ಲಿ ಅಡಿಗಿ ಯಾರು ಮಾಡ್ತಾರ?”

ಅಡುಗೆಯವರೇ ಬೇರೆ ಇರುತ್ತಾರೆ ಎಂದೆ.

“ಮನಿಯವರು ಫೋನ್ ಮಾಡಿದ್ರ ಹತ್ತತದೇನು?”

ನಡುನೀರಿನಲ್ಲಿ ನಮ್ಮ ಫೋನ್ ಹತ್ತುವುದಿಲ್ಲ ಎಂದೆ.

ಅವರು ತಾಟು ಕೆಳಗಿಟ್ಟರು. “ಹೊಸಾದು ಕಟ್ಟೂದು ಕಟ್ಟಲಿ. ಅಲ್ಲೀತನಕ ಬಾಡಿಗಿದು ಹಿಡೀರಿ.”

ಮಿಲ್ಲಿನವರ ಮಿರ್ಚಿ ಬಾಯಿಯ ಹತ್ತಿರವೇ ನಿಂತಿತು. ಗಂಡು ತಾಯಿಯನ್ನು ಮೊದಲ ಸಲ ಕಂಡವನಂತೆ ನೋಡಿದ. ಅವ್ವನ ಕೈಯಿಂದ ನನ್ನ ಸೆರಗು ತಾನಾಗಿ ಜಾರಿತು. ಕಚೇರಿಗೆ ಏನು ಬರೆಯಬೇಕೆಂಬುದು ನನಗೆ ಅಲ್ಲೇ ಖಚಿತವಾಯಿತು. ಆಮೇಲೆ ಗಂಡಿನ ತಾಯಿಯ ಮಾತನ್ನೇ ಬರೆದು ಕಳಿಸಿದೆ.

ಅಂದು ಹೊರಡುವಾಗ ಆ ತಾಯಿ ಬಾಗಿಲಲ್ಲಿ ನನ್ನನ್ನು ಬದಿಗೆ ಕರೆದರು.

“ಸಂಬಂಧ ಆದ್ರ ಆಗಲಿ, ಬಿಟ್ರ ಬಿಡಲಿ ಯವ್ವಾ. ನೀ ಮೊದಲು ಹತ್ತಿದಾಗ ಕಿಟಕಿ ಕಡಿ ಸೀಟಿಗೆ ನನ್ನ ಹೆಸರಿಲೆ ಒಂದು ಟವಲ್ ಹಾಕಿಡು.”