ಸ್ವಸಂತೋಷದ ರಾಜೀನಾಮಾ

ಸರ್ಕಾರ ಕಾನೂನು ಬದಲಿಸಿದಾಗ ಜನ ಗಾಬರಿಯಾಗುತ್ತಾರೆ. ನಾನು ಆಗುವುದಿಲ್ಲ. ಮುಂಬೈ ಫೋರ್ಟಿನ ಒಂದು ಸಾಲಿಸಿಟರ್ ಕಚೇರಿಯಲ್ಲಿ ಹೆಡ್ ಕ್ಲರ್ಕ್ ಆಗಿ ನಿವೃತ್ತನಾದವನು ನಾನು. ವಕೀಲರು ಬಂದರು, ಹೋದರು, ಕೆಲವರು ಜಡ್ಜ್ ಕೂಡ ಆದರು. ಅವರೆಲ್ಲರ ಕಾಗದಗಳಿಗೆ ಸರಿಯಾದ ಜಾಗದಲ್ಲಿ ತೂತು ಹೊಡೆದು ದಾರ ಕಟ್ಟಿದವನು ನಾನೇ. ಹಾಗಾಗಿ ಮಹಾರಾಷ್ಟ್ರದಲ್ಲಿ ನೂರು ರೂಪಾಯಿಯ ಸ್ಟಾಂಪ್ ಪೇಪರ್ ಹೋಗಿ ಐನೂರರದು ಬಂದಾಗ ನಾನು ಅಂಜಲಿಲ್ಲ. ಸರ್ಕಾರಿ ಕಚೇರಿಗಳಲ್ಲಿ ಮರಾಠಿಯೇ ನಡೆಯಬೇಕೆಂಬ ಆದೇಶ ಬಿಗಿಯಾದಾಗಲೂ ಅಂಜಲಿಲ್ಲ. ಅಂಜಿದ್ದರೆ ಇವತ್ತಿಗೂ ಮಲಾಡಿನ ನಮ್ಮ ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿಯಾಗಿ ಇರುತ್ತಿದ್ದೆ.

ನಿವೃತ್ತಿಯ ನಂತರ ನನಗೆ ಉಳಿದಿದ್ದ ಏಕೈಕ ಅಧಿಕಾರ ಅದು. ಪಂಪು ಯಾವಾಗ ಹಾಕಬೇಕು, ಗೇಟು ಯಾವಾಗ ಮುಚ್ಚಬೇಕು, ಕಸದ ಬುಟ್ಟಿ ಬಾಗಿಲಿನ ಯಾವ ಪಕ್ಕಕ್ಕಿರಬೇಕು, ಎಲ್ಲಕ್ಕೂ ನೋಟಿಸ್ ಹಾಕಿದ್ದೆ. ಮನೆಯಲ್ಲಿ ನನ್ನ ಮಾತು ನಡೆಯದಿದ್ದರೂ ಬಿಲ್ಡಿಂಗಿನಲ್ಲಿ ನಡೆಯುತ್ತಿತ್ತು.

ನಡೆಸಿಕೊಡದವರು ಒಬ್ಬರೇ, ಮೂರನೇ ಮಹಡಿಯ ಭಾಸ್ಕರ ಶೆಟ್ಟರು. ಉಡುಪಿ ಕಡೆಯವರು, ಗ್ರಾಂಟ್ ರೋಡಿನಲ್ಲಿ ಹೋಟೆಲು. ಅವರ ಮನೆಯಾಕೆ ಟೆರೇಸಿನಲ್ಲಿ ಹಲಸಿನ ಹಪ್ಪಳ ಒಣಗಿಸುತ್ತಿದ್ದರು. ಟೆರೇಸ್ ಸರ್ವರ ಸ್ವತ್ತು, ಹಪ್ಪಳ ಖಾಸಗಿ ಸ್ವತ್ತು. ನಿಯಮದ ಪ್ರಕಾರ ನಾನು ಟೆರೇಸಿನ ಬಾಗಿಲಿಗೆ ಬೀಗ ಜಡಿದೆ. ಆಗ ಮೇಲೆ ಹಪ್ಪಳ ಇದೆಯೆಂದು ನನಗೆ ಗೊತ್ತಾಗಲಿಲ್ಲ. ಕಾಗೆಗಳಿಗೆ ಗೊತ್ತಾಯಿತು.

ಶೆಟ್ಟರು ನೇರ ಸಹಕಾರಿ ಇಲಾಖೆಗೆ ದೂರು ಕೊಟ್ಟರು. ನಾನು ಉತ್ತರ ಕೊಟ್ಟೆ, ಅವರು ಪ್ರತ್ಯುತ್ತರ ಕೊಟ್ಟರು. ಇತ್ತ ನನ್ನ ಹೆಂಡತಿಯೂ ಶೆಟ್ಟರ ಹೆಂಡತಿಯೂ ಕೂತು ಹೊಸ ಹಪ್ಪಳ ಒತ್ತುತ್ತಿದ್ದರು. ಕೊನೆಗೆ ಒಂದು ದಿನ ಶೆಟ್ಟರೇ ಲಿಫ್ಟಿನಲ್ಲಿ ಮಾತು ತೆಗೆದರು.

"ಆ ಬೀಗದ ಕೈ ಕೊಟ್ಟುಬಿಡಿ ಮಾರಾಯ್ರೆ, ನಾನು ಕಂಪ್ಲೇಂಟು ವಾಪಸ್ ತೆಗೀತೇನೆ. ಪರ ಊರಲ್ಲಿ ನಾವು ನಾವೇ ಕಚ್ಚಾಡಿದ್ರೆ ನೋಡುವವರಿಗೆ ಎಂತ ಚಂದ?"

ನಾನೂ ಉದಾರನಾದೆ. ಇನ್ನು ಉಳಿದದ್ದು ಆ ರಾಜಿಯನ್ನು ಬರವಣಿಗೆಯಲ್ಲಿ ಇಲಾಖೆಗೆ ತಿಳಿಸುವುದು. ಅದೂ ಮರಾಠಿಯಲ್ಲಿ. ವಕೀಲರಿಂದ ಬರೆಸೋಣ ಎಂದರು ಶೆಟ್ಟರು. ವಕೀಲರಿಗೇ ಬರೆದುಕೊಟ್ಟವನಿಗೆ ವಕೀಲರೇಕೆ? ನಾನೇ ಕೂತೆ.

ಮೊದಲು ಶೀರ್ಷಿಕೆ ಬೇಕಿತ್ತು. ನಮ್ಮ ಕಚೇರಿಯಲ್ಲಿ ಲಖನೌ ಕಡೆಯ ಹಳೆಯ ಮುನ್ಷಿಯೊಬ್ಬರಿದ್ದರು. ಕೋರ್ಟಿನಲ್ಲಿ ಎರಡು ಕಡೆಯವರು ಒಪ್ಪಂದಕ್ಕೆ ಬಂದರೆ ಆ ಪತ್ರಕ್ಕೆ ಅವರು 'ರಾಜೀನಾಮಾ' ಎನ್ನುತ್ತಿದ್ದರು. ಎಷ್ಟು ಗಂಭೀರವಾದ ಪದ! ದೊಡ್ಡ ಅಕ್ಷರದಲ್ಲಿ ಅದನ್ನೇ ಬರೆದು, ಕೆಳಗೆ ಎರಡು ಗೆರೆ ಎಳೆದೆ.

ಕಾಫಿ ತಂದ ಹೆಂಡತಿ ಬಗ್ಗಿ ನೋಡಿದಳು. "ರೀ, ರಾಜೀನಾಮೆ ಅಂದ್ರೆ ಕೆಲಸ ಬಿಡೋದಲ್ವಾ?"

ನಾನು ಕನ್ನಡಕ ತೆಗೆದು ಅವಳಿಗೆ ವಿವರಿಸಿದೆ. ರಾಜಿ ಎಂದರೆ ಒಪ್ಪಿಗೆ, ನಾಮಾ ಎಂದರೆ ಪತ್ರ. ನಾವು ಕನ್ನಡದವರು ಆ ಪದವನ್ನು ಕೆಡಿಸಿಕೊಂಡಿದ್ದೇವೆ. ಮರಾಠಿಯವರು ಹಾಗಲ್ಲ, ಪೇಶ್ವೆಗಳ ಕಾಲದಿಂದ ದಫ್ತರ ಇಟ್ಟವರು, ಮೂಲ ಅರ್ಥವನ್ನು ಕಾಪಾಡಿಕೊಂಡಿರುತ್ತಾರೆ. ಅವಳು ಲೋಟ ಇಟ್ಟು ಹೋದಳು. ಒಪ್ಪಿದಳು ಎಂದುಕೊಂಡೆ.

ಒಕ್ಕಣೆ ಹೀಗಿತ್ತು: ಸೊಸೈಟಿಯ ಕಾರ್ಯದರ್ಶಿಯಾದ ನಾನು, ಯಾರ ಒತ್ತಡವೂ ಇಲ್ಲದೆ, ಶುದ್ಧ ಬುದ್ಧಿಯಿಂದ, ಸ್ವಸಂತೋಷದಿಂದ ಈ ರಾಜೀನಾಮಾ ಕೊಡುತ್ತಿದ್ದೇನೆ, ಬೀಗದ ಕೈಗಳನ್ನು ಒಪ್ಪಿಸಿದ್ದೇನೆ, ಇನ್ನು ಮುಂದೆ ಯಾರಿಗೂ ತೊಂದರೆ ಕೊಡುವುದಿಲ್ಲ, ಎಲ್ಲರ ನೆಮ್ಮದಿಗಾಗಿ ಇದನ್ನು ತಕ್ಷಣ ಸ್ವೀಕರಿಸಬೇಕಾಗಿ ಪ್ರಾರ್ಥನೆ.

ಇಲಾಖೆಗೆ ಒಂದು ಪ್ರತಿ, ನಮ್ಮ ಸೊಸೈಟಿಯ ಅಧ್ಯಕ್ಷರಿಗೆ ಒಂದು ಪ್ರತಿ. ಇಲಾಖೆಯಿಂದ ಉತ್ತರ ಬಂದ ವೇಗ ನೋಡಿ ನನಗೇ ಹೆಮ್ಮೆಯಾಯಿತು. ರಾಜೀನಾಮಾ ಸ್ವೀಕರಿಸಲಾಗಿದೆ, ಮುಂದಿನ ಕ್ರಮ ಸೊಸೈಟಿ ಕೈಗೊಳ್ಳಲಿ ಎಂದಿತ್ತು. ಆ ಪತ್ರವನ್ನು ನನ್ನ ಕೈಯಾರೆ ನೋಟಿಸ್ ಬೋರ್ಡಿಗೆ ಅಂಟಿಸಿ, ಮನೆಮನೆಗೆ ಪೇಡಾ ಹಂಚಿದೆ.

ಬಿಲ್ಡಿಂಗಿನಲ್ಲಿ ಅಂಥ ಸಂಭ್ರಮವನ್ನು ನಾನು ಕಂಡಿರಲಿಲ್ಲ. ವರ್ಷಗಟ್ಟಲೆ ನನ್ನೊಡನೆ ಮಾತು ಬಿಟ್ಟಿದ್ದವರು ಬಂದು ಕೈ ಕುಲುಕಿದರು. ನೆಲಮಹಡಿಯ ಮರಾಠಿ ಅಜ್ಜಿ ದೇವರೇ ಕಣ್ಣು ಬಿಟ್ಟ ಎಂದು ಆಕಾಶಕ್ಕೆ ಕೈ ಮುಗಿದರು. ಒಂದು ಹಪ್ಪಳದ ಜಗಳ ಮುಗಿದದ್ದಕ್ಕೆ ಜನ ಇಷ್ಟು ಹಿಗ್ಗುತ್ತಾರಲ್ಲ, ಶಾಂತಿಗೆ ಎಷ್ಟು ಬೆಲೆ ಎಂದು ನನ್ನ ಕಣ್ಣೂ ಒದ್ದೆಯಾಯಿತು.

ಸಂಜೆ ಶೆಟ್ಟರು ಸಪ್ಪೆ ಮುಖ ಹಾಕಿಕೊಂಡು ಬಂದರು.

"ರಾಯರೇ, ನಾನು ಕೇಳಿದ್ದು ಟೆರೇಸಿನ ಬೀಗದ ಕೈ ಮಾತ್ರ. ಅದಕ್ಕೆ ನೀವು ಕಾರ್ಯದರ್ಶಿ ಸ್ಥಾನವನ್ನೇ ಬಿಡುವುದಾ?"

ಅಡುಗೆಮನೆಯಿಂದ ಒಂದು ಕೆಮ್ಮು ಕೇಳಿಸಿತು.

ಮರುದಿನ ಬೆಳಗ್ಗೆ ಲೋಕಲ್ ಹತ್ತಿ ಬಾಂದ್ರಾಕ್ಕೆ ಓಡಿದೆ. ನನ್ನ ಹಳೆಯ ಸಹೋದ್ಯೋಗಿಯ ಮಗಳು ಅನಘಾ ಅಲ್ಲಿ ವಕೀಲೆ. ಮುಂಬೈಯಲ್ಲೇ ಹುಟ್ಟಿ ಬೆಳೆದವಳು, ಕನ್ನಡವನ್ನು ತಡವರಿಸಿಕೊಂಡು ಆಡುತ್ತಾಳೆ. ಪತ್ರ ಓದಿ ನಕ್ಕಳು, ಮತ್ತೆ ಓದಿ ಮತ್ತೆ ನಕ್ಕಳು.

"ಅಂಕಲ್, ಹಿಂದಿಯಲ್ಲಿ ಇದು ಸಮಝೋತಾ, ಕಾಂಪ್ರಮೈಸ್. ಮರಾಠಿಯಲ್ಲಿ ಸೀದಾ ರಿಸೈನ್. ಆದ್ರೆ ಡ್ರಾಫ್ಟಿಂಗ್ ಏಕ್‌ದಮ್ ಪಕ್ಕಾ ಇದೆ, ಒಂದು ಲೂಪ್‌ಹೋಲ್ ಇಲ್ಲ."

ಜೀವನದಲ್ಲಿ ಮೊದಲ ಬಾರಿ ವಕೀಲರೊಬ್ಬರು ನನ್ನ ಡ್ರಾಫ್ಟನ್ನು ಹೊಗಳಿದ್ದರು.

ಅವಳ ಮೇಜಿನ ಮೇಲೆ ಮರಾಠಿ ಕಾನೂನು ನಿಘಂಟು ಹರವಿಕೊಂಡು ಬಿದ್ದಿತ್ತು. ಮರಾಠಿಯ ಆದೇಶ ಬಿಗಿಯಾದ ಮೇಲೆ ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ದೊಡ್ಡ ವಕೀಲರೂ ಈಗ ಸಂಜೆ ಪಾಠಕ್ಕೆ ಹೋಗುತ್ತಾರಂತೆ. ನಿನ್ನ ವೃತ್ತಿಗೂ ಕಷ್ಟವಾಯಿತೇನಮ್ಮ ಎಂದು ಮರುಕದಿಂದ ಕೇಳಿದೆ. ಇಲ್ಲ, ಪ್ರಾಕ್ಟೀಸ್ ಡಬಲ್ ಆಗಿದೆ ಎಂದಳು. ತಾವೇ ಮರಾಠಿಯಲ್ಲಿ ಅರ್ಜಿ ಬರೆದುಕೊಂಡ ಅಂಕಲ್‌ಗಳು ದಿನಾ ಬರುತ್ತಾರಂತೆ. ನನ್ನ ಹಿಂದೆಯೇ ಇನ್ನೊಬ್ಬರು ಕೂತಿದ್ದರು. ನಾವು ಪರಸ್ಪರ ಮುಖ ನೋಡಿಕೊಳ್ಳಲಿಲ್ಲ.

ಇದು ಕೈತಪ್ಪಿನಿಂದ ಆದದ್ದು, ಹಳೆಯ ಕಾರ್ಯದರ್ಶಿಯೇ ಮುಂದುವರಿಯಲಿ ಎಂದು ಸೊಸೈಟಿಯ ಸಭೆ ಠರಾವು ಮಾಡಿದರೆ ದಾರಿಯಿದೆ ಎಂದಳು ಅನಘಾ. ಭಾನುವಾರ ಸಭೆ ಕರೆಸಿದೆ. ಎಂದೂ ಕೋರಂ ಆಗದ ನಮ್ಮ ಸಭೆಗೆ ಅವತ್ತು ಕುರ್ಚಿ ಸಾಲಲಿಲ್ಲ. ರಾಜಿ ಎಂಬ ಪದ ಎಲ್ಲಿಂದ ಹುಟ್ಟಿ ಎಲ್ಲೆಲ್ಲಿ ಹರಿದು ಮಲಾಡಿಗೆ ಬಂತೆಂದು ನಾನು ವಿಸ್ತಾರವಾಗಿ ಹೇಳಿದೆ. ಜನ ತಾಳ್ಮೆಯಿಂದ ಕೇಳಿದರು. ಅಧ್ಯಕ್ಷರು ಎದ್ದು, ಪದ ತಪ್ಪಿರಬಹುದು, ಆದರೆ ಪರಿಣಾಮ ಚೆನ್ನಾಗಿದೆ, ಆದ್ದರಿಂದ ಧನ್ಯವಾದಪೂರ್ವಕ ಸ್ವೀಕರಿಸೋಣ ಎಂದು ಸೂಚಿಸಿದರು.

"ಪಾಪ, ಇರಲಿ ಬಿಡಿ ಅವರೇ," ಎಂದವರು ಭಾಸ್ಕರ ಶೆಟ್ಟರು ಮಾತ್ರ.

ಸೂಚನೆಯನ್ನು ಅನುಮೋದಿಸಿದ್ದು ನನ್ನ ಹೆಂಡತಿ. ಫ್ಲ್ಯಾಟಿನ ಪತ್ರದಲ್ಲಿ ಮೊದಲ ಹೆಸರು ಅವಳದು. ಆದ್ದರಿಂದ ನಮ್ಮ ಮನೆಯ ಓಟೂ ಅವಳದೇ. ಇನ್ನು ಮೇಲಾದರೂ ಮನೆಯಲ್ಲಿ ಕೂತು ನಾಲ್ಕು ಮಾತಾಡಲಿ ಎಂದಳಂತೆ ಪಕ್ಕದವರಿಗೆ.

ಠರಾವು ಪಾಸಾಯಿತು. ಸಭೆಯ ನಡಾವಳಿಯನ್ನು ಈಗ ಮರಾಠಿಯಲ್ಲೇ ಬರೆಯಬೇಕಲ್ಲ ಎಂದು, ಅಭ್ಯಾಸಬಲದಿಂದ, ನಾನು ಜೇಬಿನ ಪೆನ್ನಿಗೆ ಕೈ ಹಾಕಿದೆ.

ಇಡೀ ಸಭೆ ಬೇಡ ಬೇಡವೆಂದು ಕೈಯಾಡಿಸಿ ಒಂದೇ ದನಿಯಲ್ಲಿ "ನಕೋ" ಎಂದಿತು.

ಆ ಒಂದು ಮರಾಠಿ ಪದದ ಅರ್ಥ ಮಾತ್ರ ನನಗೆ ಸರಿಯಾಗಿ ಗೊತ್ತಿತ್ತು.