ಬಾಟ್ಲಿಯಲ್ಲಿ ಬಂದ ಬಣ್ಣ

ಬಾಯಿ ಕಟ್ಟುತ್ತೇನೆಂದು ಹೊರಟವನಿಗೆ ಆಗುವಷ್ಟು ಅನಾಹುತ, ಸಿಕ್ಕಿದ್ದೆಲ್ಲ ತಿನ್ನುವವನಿಗೂ ಆಗುವುದಿಲ್ಲ. ಇದು ನನ್ನ ಅನುಭವದ ಮಾತು.

ಐವತ್ತರ ದಶಕದ ಕೊನೆಯಲ್ಲಿ ನಾನು ಶಿಡ್ಲಘಟ್ಟದಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದೆ. ನಲವತ್ತೆರಡನೇ ವಯಸ್ಸಿಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾಯಿತು. ನಮ್ಮಪ್ಪನಿಗೂ ಅದೇ ಇತ್ತು. ಕಾಲಿಗೆ ಚುಚ್ಚಿದ ಒಂದು ಜಾಲಿಮುಳ್ಳಿನ ಗಾಯ ಮಾಯದೆ ಮೊದಲು ಬೆರಳು ಹೋಯಿತು, ಆಮೇಲೆ ಕಾಲು, ಕೊನೆಗೆ ಅವರೇ ಹೋದರು. ಹಾಗಾಗಿ ಚಿಕ್ಕಬಳ್ಳಾಪುರದ ಡಾಕ್ಟರು, “ಸಿಹಿ ಬಿಡಿ, ಅನ್ನ ಕಮ್ಮಿ ಮಾಡಿ, ದಿನಾ ಎರಡು ಮೈಲಿ ನಡೀರಿ” ಎಂದಾಗ ನಾನು ಎದುರು ಮಾತಾಡಲಿಲ್ಲ. ಅವತ್ತಿಂದಲೇ ಶುರು ಮಾಡಿದೆ.

ಹೇಗೂ ಕೆಟ್ಟಿತಲ್ಲ

ಹತ್ತೊಂಬತ್ತು ದಿನ ಒಂದು ಚೂರೂ ತಪ್ಪಲಿಲ್ಲ. ಇಪ್ಪತ್ತನೇ ದಿನ ಪರೀಕ್ಷೆ ಕೆಲಸಕ್ಕೆ ಚಿಂತಾಮಣಿಗೆ ಹೋದೆ. ಜೊತೆಗೆ ನಮ್ಮ ಡ್ರಾಯಿಂಗ್ ಮೇಷ್ಟ್ರು ಇದ್ದರು. ಹೋಟೆಲಿನಲ್ಲಿ ಅವರು ತರಿಸಿಕೊಂಡ ಕೇಸರಿಭಾತಿನ ವಾಸನೆ ನನ್ನ ಮೂಗಿಗೆ ಬಡಿಯಿತು. “ಒಂದೇ ಚಮಚ” ಅಂದೆ. ಒಂದು ಚಮಚ ಒಳಗೆ ಹೋದ ಮೇಲೆ, ಇವತ್ತಿನ ಪಥ್ಯ ಹೇಗೂ ಕೆಟ್ಟಿತಲ್ಲ ಅನ್ನಿಸಿತು. ನನಗೂ ಒಂದು ಪ್ಲೇಟು ತರಿಸಿದೆ. ಅದರ ಹಿಂದೆ ಎರಡು ಜಾಮೂನು. ಸಂಜೆ ಹೊರಡುವಾಗ, ಕೆಟ್ಟ ದಿನ ಪೂರ್ತಿ ಕೆಡಲಿ ಎಂದು ಕಾಲು ಸೇರು ಮೈಸೂರುಪಾಕು ಕಟ್ಟಿಸಿಕೊಂಡೆ.

ಆ ವಾರವೇ ಡಾಕ್ಟರ ಹತ್ತಿರ ಹೋಗಬೇಕಿತ್ತು. ಅವರು ನಾನು ಒಯ್ದ ಬಾಟ್ಲಿಯಿಂದ ನಾಲ್ಕು ಹನಿ ಮೂತ್ರ ತೆಗೆದು ನೀಲಿ ಔಷಧಿಗೆ ಹಾಕಿ ಸ್ಪಿರಿಟ್ ದೀಪದ ಮೇಲೆ ಕಾಯಿಸುತ್ತಿದ್ದರು. ನೀಲಿಯೇ ಉಳಿದರೆ ಕ್ಷೇಮ, ಹಸಿರಾದರೆ ಪರವಾಗಿಲ್ಲ, ಇಟ್ಟಿಗೆ ಕೆಂಪಾದರೆ ಕಷ್ಟ. ಅವತ್ತು ಕಿತ್ತಳೆ ಬಂತು.

ನಡೆದದ್ದನ್ನೆಲ್ಲ ಹೇಳಿದೆ. ಡಾಕ್ಟರು ಕನ್ನಡಕ ತೆಗೆದು, “ಅಲ್ಲ ಮೇಷ್ಟ್ರೇ, ರಸ್ತೇಲಿ ಎಡವಿ ಬಿದ್ರೆ ಏನ್ ಮಾಡ್ತೀರಿ?” ಅಂದರು.

“ಎದ್ದು ಧೂಳು ಕೊಡವ್ಕೋತೀನಿ.”

“ಹೇಗೂ ಬಿದ್ದಿದ್ದೀನಲ್ಲಾಂತ ಅಲ್ಲೇ ಹಾಸಿಗೆ ಹಾಸ್ಕೊಳ್ಳಲ್ಲ ತಾನೆ? ಕೇಸರಿಭಾತು ಎಡವಿದ್ದು. ಮೈಸೂರುಪಾಕು ಹಾಸಿಗೆ.”

ಚಿಕ್ಕಮ್ಮನ ಪಾಯಸ

ಎದ್ದು ಮತ್ತೆ ಶುರು ಮಾಡಿದೆ. ಎರಡು ತಿಂಗಳು ಚೆನ್ನಾಗಿಯೇ ನಡೆಯಿತು. ಅಷ್ಟರಲ್ಲಿ ತೊಂಡೇಬಾವಿಯಲ್ಲಿದ್ದ ನನ್ನ ಹೆಂಡತಿಯ ಚಿಕ್ಕಮ್ಮ ಊಟಕ್ಕೆ ಕರೆದರು. ಆಕೆಗೆ ಎಪ್ಪತ್ತು ವರ್ಷ. ಮನೆಮಾತು ತೆಲುಗು. ಬಾಗಿಲಲ್ಲೇ ಹೇಳಿದೆ: “ಚಿಕ್ಕಮ್ಮ, ನಾನು ಸಕ್ಕರೆ ಮುಟ್ಟೋ ಹಾಗಿಲ್ಲ.”

“ಅಯ್ಯೋ ನಾಯನಾ, ನಂಗೆ ಆಗ್ಲೇ ಗೊತ್ತು. ನಿಂಗೇಂತ ಬೇರೆ ಮಾಡಿದ್ದೀನಿ.”

ಎಲೆಗೆ ಹೆಸರುಬೇಳೆ ಪಾಯಸ ಬಿತ್ತು. ಬಾಯಿಗಿಟ್ಟರೆ ಪಾನಕ! ಗಾಬರಿಯಾಗಿ ಮುಖ ನೋಡಿದೆ. ಆಕೆ ಹೆಮ್ಮೆಯಿಂದ, “ಒಂದು ಚಿಟಿಕೆ ಚಕ್ಕೆರ ಹಾಕಿಲ್ಲ. ಎಲ್ಲಾ ಬೆಲ್ಲಾನೇ” ಅಂದರು.

ಆ ವಯಸ್ಸಿನಲ್ಲಿ ನನಗಾಗಿ ಬೇಳೆ ಹುರಿದು, ಕಾಯಿ ರುಬ್ಬಿದ ಕೈ ಅದು. ಬೇಡ ಅನ್ನಲಾಗದೆ ಅರ್ಧ ತಿಂದು ಮಿಕ್ಕದ್ದನ್ನು ಬಿಟ್ಟೆ. ಈ ಸಲ ಹಾಸಿಗೆ ಹಾಸಿಕೊಳ್ಳಲಿಲ್ಲ. ಊಟವಾದ ಮೇಲೆ ರೈಲ್ವೆ ಸ್ಟೇಷನ್ನಿನವರೆಗೆ ಎರಡು ಸಲ ನಡೆದು ಬಂದೆ. ಬೆವರು ಸುರಿಸಿಕೊಂಡು ಒಳಗೆ ಬಂದರೆ ಚಿಕ್ಕಮ್ಮ ಮರುಕದಿಂದ ಒಂದು ದೊಡ್ಡ ಲೋಟ ಮುಂದೆ ಹಿಡಿದರು: “ಸುಸ್ತಾಗಿದ್ದೀಯ, ಜೇನುತುಪ್ಪದ ನೀರು ಕುಡಿ. ಇದ್ರಲ್ಲಿ ಬೆಲ್ಲಾನೂ ಇಲ್ಲ.”

ಬೋಂಡದಂಗಡಿಯವರು

ದಿನಾ ಎರಡು ಮೈಲಿ ನಡೆಯಬೇಕಿತ್ತಲ್ಲ, ನಾನು ಶಿಡ್ಲಘಟ್ಟದ ಕೆರೆ ಏರಿಯ ಮೇಲೆ ನಡೆಯುತ್ತಿದ್ದೆ. ಮೊದಲ ಮೈಲಿ ಮುಗಿಯುವ ಜಾಗದಲ್ಲಿ ಒಂದು ಬೋಂಡದ ಅಂಗಡಿ. ನಡೆದು ಕರಗಿಸಿದ್ದನ್ನು ಅಲ್ಲಿ ಕೂತು ತುಂಬಿಸಿಕೊಂಡು ವಾಪಸು ಬರುತ್ತಿದ್ದೆ. ತಪ್ಪು ಅರಿವಾಗಿ ಒಂದು ದಿನ ದಾರಿ ಬದಲಾಯಿಸಿದೆ.

ವಾರದ ಮೇಲೆ ಸಂಜೆ ಯಾರೋ ಬಾಗಿಲು ತಟ್ಟಿದರು. ನೋಡಿದರೆ ಬೋಂಡದಂಗಡಿಯವರು. ಕೈಯಲ್ಲಿ ಮುತ್ತುಗದೆಲೆಯ ಪೊಟ್ಟಣ. “ಎಂಟು ದಿನದಿಂದ ಕಾಣ್ಲಿಲ್ಲ ಮೇಷ್ಟ್ರು. ಹುಷಾರಿಲ್ವೇನೋ ಅಂತ ನೋಡ್ಕೊಂಡು ಹೋಗಣಾಂತ ಬಂದೆ. ಬಿಸಿಯಾಗಿದೆ, ತಗೊಳ್ಳಿ.”

ಕೂರಿಸಿ ನಿಜ ಹೇಳಿದೆ, ಅಪ್ಪನ ಕಾಲಿನ ವಿಷಯವನ್ನೂ. ಅವರು ಪೊಟ್ಟಣದ ದಾರ ಮತ್ತೆ ಬಿಗಿ ಮಾಡಿದರು. ಆಮೇಲೆ, “ದಾರಿ ಯಾಕೆ ಬಿಡ್ತೀರಿ? ಬನ್ನಿ, ಮಜ್ಜಿಗೆ ಕೊಡ್ತೀನಿ. ಬೋಂಡ ಮಾತ್ರ ಕೇಳಬೇಡಿ” ಎಂದು ಪೊಟ್ಟಣ ವಾಪಸು ಎತ್ತಿಕೊಂಡು ಹೋದರು.

ಆ ಮಾತು ಅವರು ಉಳಿಸಿಕೊಂಡರು. ನಾನು ಉಳಿಸಿಕೊಳ್ಳಲಿಲ್ಲ. ಒಂದು ಸಂಜೆ ತಡೆಯಲಾರದೆ “ಒಂದೇ ಒಂದು” ಎಂದು ಕೈ ಚಾಚಿದೆ. ಅವರು ಜಾಲರಿ ಸೌಟು ಎತ್ತಿ ಗಿರಾಕಿಗಳೆಲ್ಲ ಕೇಳುವಂತೆ ಕೂಗಿದರು: “ನಾಚ್ಕೆ ಆಗಲ್ವಾ ಮೇಷ್ಟ್ರೇ ನಿಮ್ಗೆ? ಇದನ್ನ ತಿಂದ್ರೆ ಮನುಷ್ಯ ಉಳೀತಾನಾ?”

ಅವತ್ತು ಅವರ ಅಂಗಡಿಯಲ್ಲಿ ಮಿಕ್ಕವರೂ ಮಜ್ಜಿಗೆಯನ್ನೇ ಕುಡಿದರು.

ಬಾಟ್ಲಿ

ಆ ವರ್ಷದ ಯುಗಾದಿಗೆ ಎರಡು ಒಬ್ಬಟ್ಟು ತಿಂದುಬಿಟ್ಟೆ. ಮಾರನೇ ದಿನದಿಂದ ಮುದ್ದೆ, ಸೊಪ್ಪಿನ ಸಾರು, ನಡಿಗೆ ಎಲ್ಲ ಸರಿಯಾಗಿ ನಡೆಸಿದೆ. ಆದರೂ ಡಾಕ್ಟರ ಮುಂದೆ ಕೆಂಪು ಬಣ್ಣ ಬರುತ್ತದೆಂಬ ಭಯ ಹೋಗಲಿಲ್ಲ. ಹೊರಡುವ ಬೆಳಿಗ್ಗೆ ಖಾಲಿ ಬಾಟ್ಲಿಯನ್ನು ಹೆಂಡತಿಯ ಮುಂದೆ ಹಿಡಿದು, “ಈ ಸಲ ನಿನ್ನದು ಕೊಡು” ಅಂದೆ.

“ಮದುವೆಯಾಗಿ ಹದಿನೆಂಟು ವರ್ಷಕ್ಕೆ ನನ್ನ ಕೇಳಿ ಇಸ್ಕೊಂಡಿದ್ದು ಇದೇನಾ?” ಅಂದಳು. ಆದರೂ ಕೊಟ್ಟಳು.

ಡಾಕ್ಟರು ಕಾಯಿಸಿದರು. ನೀಲಿ ಹೋಗಿ ಹಸಿರಾಯಿತು, ಹಳದಿಯಾಯಿತು, ನೋಡನೋಡುತ್ತಾ ಇಟ್ಟಿಗೆ ಕೆಂಪಿಗೆ ನಿಂತಿತು.

“ಮೇಷ್ಟ್ರೇ, ಏನು ತಿಂದ್ರಿ? ನಿಮ್ದು ಯಾವತ್ತೂ ಇಷ್ಟು ಕೆಟ್ಟಿರ್ಲಿಲ್ಲ.”

“ಅದು ನಂದಲ್ಲ, ನನ್ನ ಹೆಂಡತೀದು” ಅಂದೆ.

ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. “ಮನೆಯೋರಿಗೆ ಬಾಯಾರಿಕೆ ಜಾಸ್ತಿನಾ? ಸುಸ್ತು ಅಂತಾರಾ?” ಎಂದು ಕೇಳಿದರು. ಎರಡೂ ನಿಜ. ಬಿಸಿಲು, ಮನೆಗೆಲಸ ಎಂದು ನಾನೇ ಅವಳಿಗೆ ಸಮಾಧಾನ ಹೇಳಿದ್ದೆ. ಡಾಕ್ಟರು ಅಲ್ಲೇ ನನ್ನದನ್ನೂ ತೆಗೆದುಕೊಂಡು ನೋಡಿದರು. ತಿಳಿ ಹಸಿರು. “ಇದನ್ನೇ ತಂದಿದ್ರೆ ಶಭಾಷ್ ಅಂತಿದ್ದೆ. ತರದೇ ಇದ್ದದ್ದೇ ಒಳ್ಳೇದಾಯ್ತು” ಅಂದರು.

ಶಿಡ್ಲಘಟ್ಟದವರೆಗೆ ರೈಲಿನಲ್ಲಿ ಹೇಗೆ ಕೂತಿದ್ದೆನೋ ನೆನಪಿಲ್ಲ. ಮನೆಗೆ ಬಂದಾಗ ಅವಳು ಸೊಪ್ಪು ಬಿಡಿಸುತ್ತಿದ್ದಳು. ಹೇಳಿದೆ. ಕೈ ನಿಂತಿತು.

“ಮಾವನವರ ತರಹಾನೇ ಆಗುತ್ತಾ?”

“ಇಲ್ಲ ಕಣೇ. ಬೇಗ ಗೊತ್ತಾಗಿದೆ. ಡಾಕ್ಟ್ರು ಔಷಧಿ ಕೊಡ್ತಾರಂತೆ. ಇಬ್ರೂ ಸೇರ್ಕೊಂಡು ಪಥ್ಯ ಮಾಡಣ.”

ಸೆರಗಿನಿಂದ ಕಣ್ಣೊರೆಸಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಬಿಟ್ಟ ಕಡ್ಡಿಯನ್ನು ಎತ್ತಿಕೊಂಡು ಮತ್ತೆ ಸೊಪ್ಪು ಬಿಡಿಸತೊಡಗಿದಳು.

ಮುಂದಿನ ತಿಂಗಳು ಇಬ್ಬರೂ ಚಿಕ್ಕಬಳ್ಳಾಪುರಕ್ಕೆ ಹೋದೆವು. ರೈಲಿನಲ್ಲಿ ನಾನು ಎಷ್ಟು ಕೇಳಿದರೂ ಅವಳು ತನ್ನ ಬಾಟ್ಲಿಯನ್ನು ನನ್ನ ಚೀಲಕ್ಕೆ ಹಾಕಲು ಒಪ್ಪಲಿಲ್ಲ. ಮಡಿಲಲ್ಲೇ ಇಟ್ಟುಕೊಂಡು ಕೂತಳು. ಡಾಕ್ಟರು ಎರಡು ಬಾಟ್ಲಿ ನೋಡಿ, “ಯಾವುದಮ್ಮ ಯಾರದು?” ಅಂದರು.

ಅವಳು ನಿಧಾನವಾಗಿ ಹೇಳಿದಳು: “ನನ್ನ ಕೈಲಿರೋದು ನಂದು ಡಾಕ್ಟ್ರೇ. ಇವರ ಕೈಲಿರೋದು ಯಾರದೋ, ನೀವೇ ಕೇಳ್ಕೊಳ್ಳಿ.”