ಹಿಂದಿನ ಪೋರ್ಷನ್ನಿನ ಪ್ರವೇಶ ಪರೀಕ್ಷೆ

ಗೇಟಿಗೆ 'ಮನೆ ಬಾಡಿಗೆಗೆ ಇದೆ' ಎಂಬ ಬೋರ್ಡು ತೂಗುಹಾಕಿದ ಗಳಿಗೆಯಿಂದ ಎಂಥ ಸಾಧು ಮನುಷ್ಯರಿಗೂ ಅಧಿಕಾರಿಯ ಮುಖ ಬಂದುಬಿಡುತ್ತದೆ. ನಿನ್ನೆಯವರೆಗೆ ಯಾರು ಬಂದರೂ "ಬರ್ರಿ, ಚಾ ಕುಡೀರಿ" ಎನ್ನುತ್ತಿದ್ದವರು ಇಂದು ಯಾವ ಊರು, ಎಷ್ಟು ಮಂದಿ ಎಂದು ವಿಚಾರಣೆ ಶುರು ಮಾಡುತ್ತಾರೆ. ಬಳ್ಳಾರಿಯ ಪಾರ್ವತಿನಗರದ ನಮ್ಮ ಮನೆಯಲ್ಲಿ ಈ ಅಧಿಕಾರ ನನ್ನ ಹೆಂಡತಿ ಗಿರಿಜಾಳದು. ಮನೆ ಕಟ್ಟಿಸಿದವರು ಅವಳ ಅಪ್ಪ, ಕುರುಗೋಡಿನವರು. ನಾನು ಮದುವೆಯಾದ ಮೇಲೆ ಸಿರುಗುಪ್ಪದಿಂದ ಒಂದು ಟ್ರಂಕು, ಒಂದು ಮೂಟೆ ಅಕ್ಕಿಯೊಂದಿಗೆ ಬಂದು ಸೇರಿಕೊಂಡವನು. ಹಾಗಾಗಿ ಹಿಂದಿನ ಪೋರ್ಷನ್ನಿಗೆ ಯಾರು ಬರಬೇಕೆಂದು ನನ್ನನ್ನು ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಹೇಳುವುದು ಮೇಷ್ಟ್ರ ಚಟ.

ನಾನು ಕಾಲೇಜಿನಲ್ಲಿ ಇತಿಹಾಸ ಹೇಳುತ್ತೇನೆ. ಆ ವಾರ ವಲಸಿಗರನ್ನು ತಡೆಯುವ ಕಾನೂನುಗಳ ಪಾಠವಿತ್ತು. ಕ್ಲಾಸಿನಲ್ಲಿ ಅರ್ಧ ಮಂದಿ ತೂಕಡಿಸಿದ್ದರಿಂದ, ಉಳಿದ ಪಾಠವನ್ನು ಊಟದ ಹೊತ್ತಿಗೆ ಮನೆಗೆ ತಂದೆ. ಅಮೆರಿಕದವರು ರೈಲು ಹಳಿ ಹಾಕಲು ಚೀನೀ ಕೂಲಿಗಳನ್ನು ದುಡಿಸಿಕೊಂಡು, ಆಮೇಲೆ ಚೀನೀ ಕೂಲಿಗಳು ಬರಲೇಬಾರದೆಂದು ಕಾನೂನು ಮಾಡಿದ್ದನ್ನು ಹೇಳಿದೆ. ಆಸ್ಟ್ರೇಲಿಯಾದವರು ಇನ್ನೂ ಚಾಲಾಕು. ಅವರ ಕಾನೂನಿನಲ್ಲಿ ಬಣ್ಣದ ಮಾತೇ ಇರಲಿಲ್ಲ. ಹಡಗಿನಿಂದ ಇಳಿದವನಿಗೆ ಅಧಿಕಾರಿ ಉಕ್ತಲೇಖನ ಕೊಡುತ್ತಿದ್ದ. ಯುರೋಪಿನ ಯಾವ ಭಾಷೆಯಲ್ಲಾದರೂ ಕೊಡಬಹುದಿತ್ತು, ಬರೆಯಲಾಗದವನು ವಾಪಸು ಹಡಗು ಹತ್ತಬೇಕು. ಬಂದವನಿಗೆ ಇಂಗ್ಲಿಷ್ ಬರುತ್ತದೆ ಎಂದು ಗೊತ್ತಾದರೆ ಅವನು ಕಂಡು ಕೇಳದ ಇನ್ನೊಂದು ಭಾಷೆ. ಬೇಕಾದವರಿಗೆ ಪರೀಕ್ಷೆಯೇ ಇಲ್ಲ. "ಎಂಥ ಕುತಂತ್ರ ನೋಡು" ಎಂದು ನಾನು ಸಿಟ್ಟಿನಿಂದ ರೊಟ್ಟಿ ಮುರಿದೆ.

ಗಿರಿಜಾ ಪಲ್ಯ ಬಡಿಸುತ್ತಾ, "ಚಲೋ ಐತಲ್ರಿ. ಒಲ್ಲೆ ಅಂತ ಬಾಯಿಬಿಟ್ಟು ಅನ್ನೋದು ಬ್ಯಾಡ, ಯಾರ ಮನಸೂ ನೋಯಂಗಿಲ್ಲ" ಎಂದಳು. ಅನ್ಯಾಯವೆಂದು ಹೇಳಿಕೊಟ್ಟದ್ದು ಆಕೆಗೆ ಉಪಾಯವಾಗಿ ಕಂಡಿತ್ತು. ಇಷ್ಟು ಗಮನವಿಟ್ಟು ಕೇಳಿದ ವಿದ್ಯಾರ್ಥಿ ನನ್ನ ಸರ್ವೀಸಿನಲ್ಲಿಯೇ ಸಿಕ್ಕಿರಲಿಲ್ಲ.

ಮರುದಿನವೇ ಕಾನೂನು ಜಾರಿಗೆ ಬಂತು. ಮೈಸೂರು ಕಡೆಯ ಬ್ಯಾಂಕಿನವರೊಬ್ಬರಿಗೆ "ನಾಳಿ ಹೊಳ್ಳಿ ಬರ್ರಿ" ಎಂದಳು. ಮತ್ತೆ ಬನ್ನಿ ಎಂದು ಅರ್ಥವಾಗದೆ ಅವರು, ಹೊಳ್ಳಿ ಎನ್ನುವುದು ಇಲ್ಲಿಂದ ಎಷ್ಟು ದೂರ ಎಂದು ಕೇಳಿದರು. ಅಲ್ಲಿಗೆ ಫೇಲಾದರು.

ಆಮೇಲೆ ಬಂದವಳು ಲಕ್ಷ್ಮೀದೇವಿ. ಆಂಧ್ರದ ಆದೋನಿ ಕಡೆಯವಳು, ಹತ್ತಿರದ ದವಾಖಾನೆಯಲ್ಲಿ ನರ್ಸು. ಇದ್ದ ಮನೆ ಬಿಡಬೇಕಾಗಿತ್ತು, ಕೇಳಿದಲ್ಲೆಲ್ಲ ಒಲ್ಲೆ ಅಂದಿದ್ದರು. ಹೊಳ್ಳಿ ಎನ್ನುವುದನ್ನು ಅವಳೇ ಎರಡು ಸಲ ಬಳಸಿದ್ದರಿಂದ ಆ ಪ್ರಶ್ನೆ ಕೆಲಸಕ್ಕೆ ಬರಲಿಲ್ಲ. ಗಿರಿಜಾ ಮನೆಯಲ್ಲಿ ಯಾರಿದ್ದೀರಿ ಎಂದು ಕೇಳಿದಳು.

"ನಾನು, ಅಮ್ಮ, ಅವ್ವ, ಮೂರ ಮಂದಿರಿ. ಅಮ್ಮ ಜೀನ್ಸ್ ಹೊಲಿಯಾಕ ಹೋಗ್ತಾಳ. ಅವ್ವಗ ಕಣ್ಣು ಕಾಣಂಗಿಲ್ಲ, ಹಲ್ಲೂ ಇಲ್ಲ. ಇಲ್ಲಿದ್ರ ಡ್ಯೂಟಿ ನಡುವ ಬಂದು ಊಟಕ್ಕ ಕೊಟ್ಟು ಹೋಗ್ತೀನ್ರಿ."

ಗಿರಿಜಾಳ ಮನೆತನದಲ್ಲಿ ಅವ್ವ ಎಂದರೆ ತಾಯಿ, ಅಮ್ಮ ಎಂದರೆ ಅಜ್ಜಿ. ಅಂದರೆ ಈ ಹುಡುಗಿಯ ಅಜ್ಜಿ ದಿನಾ ಜೀನ್ಸ್ ಹೊಲಿಯುತ್ತಾಳೆ, ತಾಯಿಗೆ ಹಲ್ಲಿಲ್ಲ.

"ಅಮ್ಮಗ ಎಷ್ಟು ವಯಸ್ಸು?"

"ನಲವತ್ತೈದ್ರಿ."

"ಅವ್ವಗ?"

"ಎಂಬತ್ತು ದಾಟೈತ್ರಿ."

"ಹೇಳಿ ಕಳಸ್ತೀವಿ" ಎಂದಳು ಗಿರಿಜಾ. ಆ ಮಾತಿನ ಅರ್ಥ ಲಕ್ಷ್ಮೀದೇವಿಗೆ ಗೊತ್ತಿತ್ತು. ಮುಖ ಸಣ್ಣದು ಮಾಡಿಕೊಂಡು ಬ್ಯಾಗು ಎತ್ತಿಕೊಂಡಳು. ಆ ಉಕ್ತಲೇಖನವನ್ನು ಮನೆಗೆ ತಂದವನು ನಾನೇ ತಾನೆ?

"ಗಿರಿಜಾ, ಆಕಿ ಸುಳ್ಳು ಹೇಳಾಕತ್ತಿಲ್ಲ. ತೆಲುಗು ಮಂದಿ ತಾಯಿಗೆ ಅಮ್ಮ, ಅಜ್ಜಿಗೆ ಅವ್ವ ಅಂತಾರ. ನಮ್ಮ ಮುತ್ತಜ್ಜ ಆದೋನಿ ಕಡಿಂದ ಬಂದಾಂವ. ಸಿರುಗುಪ್ಪದಾಗ ನಮ್ಮ ಮನ್ಯಾಗೂ ಹಂಗ ಅಂತಿದ್ವಿ. ಇಲ್ಲಿಗೆ ಬಂದ ಮ್ಯಾಲ ನಾನು ನಿಮ್ಮಂಗ ಅನ್ನಾಕ ಕಲತೆ" ಎಂದೆ.

ಗಿರಿಜಾ ಹೊರಟವಳನ್ನು ನಿಲ್ಲಿಸಿದಳು. ಆಮೇಲೆ "ಐತವಾರ ಸಾಮಾನು ತರ್ರಿ. ಹಿರೇರನ್ನ ಆಟೋದಾಗ ಕರಕೊಂಡು ಬರ್ರಿ" ಎಂದು ಲಕ್ಷ್ಮೀದೇವಿಯನ್ನು ಕಳಿಸಿ, ಬೋರ್ಡು ಬಿಚ್ಚಿಕೊಂಡು ಬಂದಳು. ಇತಿಹಾಸದ ಪಾಠ ಹೇಳಿ ಒಂದು ಕಾನೂನು ರದ್ದು ಮಾಡಿಸಿದೆನಲ್ಲ ಎಂದು ನಾನು ಬೀಗುತ್ತ ಕೂತಿದ್ದೆ. ಬೋರ್ಡು ಕೈಯಲ್ಲಿ ಹಿಡಿದೇ ಅವಳು ನನ್ನ ಮುಂದೆ ನಿಂತಳು.

"ಹಂಗಾರ ನನ್ನ ನೋಡಾಕ ಬಂದಾಗ, 'ಅವ್ವಗ ಭಾಳ ಆರಾಮಿಲ್ಲ, ನನ್ನ ಮದುವಿ ನೋಡೇ ಕಣ್ಣು ಮುಚ್ಚತೀನಿ ಅಂತಾಳ' ಅಂದಿದ್ರಿ. ಪಾಪ, ಅತ್ತಿ ಜೀವ ಸಮಾಧಾನ ಆಗ್ಲಿ ಅಂತ ನಾ ಹೂಂ ಅಂದಿದ್ದೆ. ಅದು ಯಾವ ಅವ್ವರಿ?"

ನಾನಂದ ಅವ್ವ ನನ್ನ ಅಜ್ಜಿ. ಅಂದು ನನ್ನ ಜೊತೆ ಬಂದದ್ದು ಸೋದರಮಾವ ಒಬ್ಬರೇ, ತಾಯಿಯನ್ನು ಅವರಾರೂ ನೋಡಿರಲಿಲ್ಲ. ಮುಂದೆ ಮದುವೆಯಲ್ಲಿ ನನ್ನ ತಾಯಿ ಪಂಕ್ತಿಯಿಂದ ಪಂಕ್ತಿಗೆ ಓಡಾಡಿ ಬಡಿಸಿದ್ದನ್ನು ಕಂಡು, ಸೊಸೆಯ ಕಾಲ್ಗುಣದಿಂದ ಅತ್ತೆ ಎದ್ದು ಕೂತಳೆಂದು ಕುರುಗೋಡಿನವರೆಲ್ಲ ಹೊಗಳಿದ್ದರು. ಆ ಹೊಗಳಿಕೆಯನ್ನು ಗಿರಿಜಾ ಇಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದಳು. ತಾಯಿ ಇಂದಿಗೂ ಸಿರುಗುಪ್ಪದಲ್ಲಿ ಗಟ್ಟಿಮುಟ್ಟಾಗಿದ್ದು, ಬೆಳಿಗ್ಗೆ ಫೋನು ಮಾಡಿ ಸೊಸೆಗೆ ಸಾರಿನ ಉಪ್ಪು ಖಾರ ವಿಚಾರಿಸುತ್ತಾರೆ.

ತಪ್ಪು ಮಾಹಿತಿ ಕೊಟ್ಟು ಒಳಗೆ ಬಂದವರನ್ನು ಎಷ್ಟು ವರ್ಷ ಕಳೆದಿದ್ದರೂ ಹೊರಗೆ ಕಳಿಸಬಹುದೆಂಬ ಕಾನೂನು ಕೆಲವು ದೇಶಗಳಲ್ಲಿದೆ. ಪಾಠದಲ್ಲಿ ಮುಂದಿನ ಭಾಗ ಅದೇ ಇತ್ತು. ಅದನ್ನು ಮಾತ್ರ, ಕ್ಲಾಸಿಗೆ ಕ್ಲಾಸೇ ತೂಕಡಿಸುತ್ತಿದ್ದರೂ, ಅಲ್ಲಿಯೇ ಮುಗಿಸಿ ಮನೆಗೆ ಬಂದೆ.